ಹಗಲಿನ ತ್ರೀ ಫೇಸ್

ಫೆಬ್ರುವರಿ ಬಂತೆಂದರೆ ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಬಿಕ್ಕೋಡು ಸುತ್ತಿನ ರೋಬಸ್ಟಾ ಕಾಫಿ ತೋಟಗಳಿಗೆ ನೀರು ಬೇಕು. ಹೂಮಳೆ ಸಕಾಲಕ್ಕೆ ಬಿದ್ದರೆ ಸರಿ. ಬೀಳದಿದ್ದರೆ ಕೆರೆಯಿಂದಲೋ ಹಳ್ಳದಿಂದಲೋ ನೀರೆತ್ತಿ ಸ್ಪ್ರಿಂಕ್ಲರ್ ಹಾರಿಸಬೇಕು. ನೀರು ಬಿದ್ದ ಹತ್ತು ದಿನದೊಳಗೆ ತೋಟವೆಲ್ಲ ಹೂವಾಗುತ್ತದೆ, ವರ್ಷದ ಫಸಲು ಆ ಹೂವಿನ ಮೇಲೆ ನಿಂತಿರುತ್ತದೆ. ಡೀಸೆಲ್ ಎಂಜಿನ್ ಇಲ್ಲದವರಿಗೆ ತ್ರೀ ಫೇಸ್ ಕರೆಂಟೇ ಗತಿ. ಅದು ಪಾಳಿಯ ಮೇಲೆ ಬರುತ್ತದೆ, ಕೆಲವೊಮ್ಮೆ ಹಗಲು, ಕೆಲವೊಮ್ಮೆ ರಾತ್ರಿ. ಬಿಕ್ಕೋಡು, ಅರೇಹಳ್ಳಿ ಕಡೆಯ ತೋಟಗಳಲ್ಲಿ ಕಾಡಾನೆಗಳು ಬೀಡುಬಿಟ್ಟು ವರ್ಷಗಳಾದವು. ಜನ ಸತ್ತಿದ್ದಾರೆ. ಹಾಗಿರುವಾಗ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಸ್ಟಾರ್ಟರ್ ಒತ್ತಲು ಹೊರಡುವುದೆಂದರೆ ಏನೆಂದು ಆ ಭಾಗದ ಪ್ರತಿ ಮನೆಗೂ ಗೊತ್ತು.

ಹಗಲು ಮಾತ್ರ ಹುಟ್ಟುವುದೇ ಸೌರವಿದ್ಯುತ್ತಿನ ದೊಡ್ಡ ಕೊರತೆ ಎಂದು ವಿದ್ಯುತ್ ಕ್ಷೇತ್ರದವರು ಹೇಳುತ್ತಾರೆ. ಬಿಕ್ಕೋಡಿನಂಥ ಊರಿಗೆ ಅದೇ ಅದರ ದೊಡ್ಡ ಗುಣ. ಈ ಗುಣ ಊರಿನ ಪಂಪ್‌ಸೆಟ್‌ವರೆಗೆ ತಲುಪಲು ಯಾಕೆ ಇಷ್ಟು ಕಾಲ ಹಿಡಿಯುತ್ತಿದೆ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಲ್ಲಿ ಕರೆಂಟಿನ ದಾರಿ ಮೊದಲಿನಿಂದಲೂ ಹಳ್ಳಿಯನ್ನು ದಾಟಿಕೊಂಡೇ ಹೋಗಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆ ಶುರುವಾದಾಗ ತಂತಿ ಎಳೆದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ. ಆ ಕಾಲಕ್ಕೆ ಜಗತ್ತಿನ ಉದ್ದನೆಯ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಹಾದುಹೋದ ಹಳ್ಳಿಗಳು ದಶಕಗಟ್ಟಲೆ ಕಾದವು. ಮುಂದೆ ಜೋಗ ಬಂತು, 1960ರ ದಶಕದಲ್ಲಿ ಶರಾವತಿಯ ಅಣೆಕಟ್ಟೆ ಬಂತು. ಮಲೆನಾಡಿನ ಮಳೆ ರಾಜ್ಯಕ್ಕೆಲ್ಲ ಬೆಳಕಾಯಿತು, ಮುಳುಗಿದ ಊರುಗಳ ಜನಕ್ಕೆ ಮಾತ್ರ ಕತ್ತಲೆ ಉಳಿಯಿತು. ಈ ಅನ್ಯಾಯದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಬಿಸಿಲಿನಿಂದ ವಿದ್ಯುತ್ ತೆಗೆಯುವ ವಿದ್ಯೆಗೆ ಈಗ ಎಪ್ಪತ್ತು ವರ್ಷ ದಾಟಿದೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ ಸಿಲಿಕಾನ್ ಕೋಶ ಬಿದ್ದ ಬಿಸಿಲಿನ ಶೇ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಬೆಲೆ ಎಷ್ಟು ಹೆಚ್ಚೆಂದರೆ ಉಪಗ್ರಹಗಳಿಗಲ್ಲದೆ ಬೇರೆಲ್ಲೂ ಗಿಟ್ಟುತ್ತಿರಲಿಲ್ಲ. ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿ 1975ರಲ್ಲಿ ಹಾರಿಸಿದ ಆರ್ಯಭಟದ ಮೈತುಂಬ ಸೌರಕೋಶಗಳಿದ್ದವು. ಅದೇ ಹೊತ್ತಿನಲ್ಲಿ, ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭಿಸಿ ಬೇರೆಯದೇ ಪ್ರಶ್ನೆ ಕೇಳುತ್ತಿದ್ದರು. ಎಷ್ಟು ಮೆಗಾವಾಟ್ ಬೇಕು ಎಂದು ಕೇಳುವ ಮೊದಲು ಹಳ್ಳಿಯ ಹೆಂಗಸಿಗೆ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಬೇಕು ಎಂದು ಕೇಳಿ ಎಂಬುದು ಅವರ ವಾದದ ತಿರುಳು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿ ಅನಿಲದಿಂದ ವಿದ್ಯುತ್ ತೆಗೆದು ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟ ಪ್ರಯೋಗ ಆ ಯೋಚನೆಯ ಫಲ. ಕರ್ನಾಟಕದ ಶಕ್ತಿ ಚರಿತ್ರೆಯಲ್ಲಿ ಯಾವ ಅಣೆಕಟ್ಟೆಗಿಂತಲೂ ಈ ಪ್ರಶ್ನೆ ದೊಡ್ಡದು ಎಂದು ನನ್ನ ನಂಬಿಕೆ.

ಆ ಪ್ರಶ್ನೆಯನ್ನು ಸೌರದೀಪಕ್ಕೆ ತಂದವರು ಹರೀಶ್ ಹಂದೆ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆ ಹೊಸ ಸೌರಫಲಕವನ್ನೇನೂ ಕಂಡುಹಿಡಿಯಲಿಲ್ಲ. ಅದು ಹುಡುಕಿದ್ದು ಬಡವರು ಕೊಳ್ಳುವ ದಾರಿಯನ್ನು. ತಿಂಗಳಿಗೆ ಮುನ್ನೂರು ಒಟ್ಟಿಗೆ ಕೊಡಲಾಗದ ತರಕಾರಿ ಗಾಡಿಯವರು ದಿನಕ್ಕೆ ಹತ್ತು ರೂಪಾಯಿ ಕೊಡಬಲ್ಲರು ಎಂದು ಅರಿತು ಗ್ರಾಮೀಣ ಬ್ಯಾಂಕುಗಳನ್ನು ಸಾಲ ಕೊಡಲು ಒಪ್ಪಿಸಿದರು. ಕರಾವಳಿ, ಮಲೆನಾಡಿನ ಒಂಟಿಮನೆಗಳಿಗೆ, ಲೈನ್‌ಮ್ಯಾನ್ ಕಾಲಿಡದ ಕಡೆಗೆ, ಎರಡು ದೀಪ, ನಾಲ್ಕು ದೀಪ ಹೀಗೆ ಹೋದವು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಅಷ್ಟರಲ್ಲಿ ಜಗತ್ತಿನ ಲೆಕ್ಕ ಬದಲಾಗಿತ್ತು. 2000ದಲ್ಲಿ ಜರ್ಮನಿ ಸೌರವಿದ್ಯುತ್ತಿಗೆ ನಿಶ್ಚಿತ ದರ ಕೊಡುವ ಕಾನೂನು ತಂದು ಬೇಡಿಕೆ ಸೃಷ್ಟಿಸಿತು, ಚೀನಾದ ಕಾರ್ಖಾನೆಗಳು ಆ ಬೇಡಿಕೆಯ ಮೇಲೆ ಬೆಳೆದು ಫಲಕದ ಬೆಲೆಯನ್ನು ಪಾತಾಳಕ್ಕಿಳಿಸಿದವು. ಜಗತ್ತಿನ ಒಟ್ಟು ಸೌರ ಸಾಮರ್ಥ್ಯ 10 ಲಕ್ಷ ಮೆಗಾವಾಟ್ ತಲುಪಿದ್ದು 2022ರಲ್ಲಿ. ಅದು ದುಪ್ಪಟ್ಟಾಗಲು ಇನ್ನೆರಡು ವರ್ಷ ಸಾಕಾಯಿತು. ಭಾರತ 2025ರ ಜನವರಿಯಲ್ಲಿ 1 ಲಕ್ಷ ಮೆಗಾವಾಟ್ ದಾಟಿತು. ಕರ್ನಾಟಕದಲ್ಲಿ ರಾಜ್ಯದ ವಿದ್ಯುತ್ ನಿಗಮ (ಕೆಪಿಸಿ) ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕಟ್ಟಿದ 3 ಮೆಗಾವಾಟ್ ಘಟಕವನ್ನು 2010ರ ಸುಮಾರಿಗೆ ಜನ ಬೆರಗಿನಿಂದ ನೋಡಿದ್ದರು. ಹತ್ತೇ ವರ್ಷದಲ್ಲಿ ಪಾವಗಡದಲ್ಲಿ 2,050 ಮೆಗಾವಾಟ್ ನಿಂತಿತು.

ಪಾವಗಡದ ವಿಶೇಷ ಅದರ ಗಾತ್ರಕ್ಕಿಂತ ಅದರ ಕರಾರಿನಲ್ಲಿದೆ. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ಸರ್ಕಾರ ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಿತು, ಎರಡು ವರ್ಷಕ್ಕೊಮ್ಮೆ ಬಾಡಿಗೆ ಏರುವ ಷರತ್ತೂ ಇತ್ತು. ಸತತ ಬರದಲ್ಲಿ ಬೆಂದ ರೈತರಿಗೆ ಇದು ಜೀವ ಬಂದಂತಾಯಿತು. ಶರಾವತಿಯಲ್ಲಿ ನಡೆದದ್ದರ ಪಕ್ಕದಲ್ಲಿಟ್ಟು ನೋಡಿದರೆ ಇದು ದೊಡ್ಡ ಮುನ್ನಡೆ. ಆದರೆ ಜಮೀನೇ ಇಲ್ಲದವರಿಗೆ ಬಾಡಿಗೆ ಯಾರು ಕೊಡುತ್ತಾರೆ? ಕೂಲಿ ಹೋಯಿತು, ಕುರಿ ಮೇಯಿಸುವ ಬಯಲಿಗೆ ಬೇಲಿ ಬಿತ್ತು. ಕರಾರು ಬರೆದವರು ಪಹಣಿಯಲ್ಲಿ ಹೆಸರಿದ್ದವರನ್ನಷ್ಟೇ ಕಂಡರು.

ಉತ್ಪಾದನೆಯ ಪ್ರಶ್ನೆ ಹೀಗೆ ಬಹುಮಟ್ಟಿಗೆ ಮುಗಿದ ಮೇಲೆ ಕಷ್ಟವೆಲ್ಲ ತಂತಿಯ ಮೇಲೆ ಬಂದು ಕೂತಿತು. ಗ್ರಿಡ್ಡಿನಲ್ಲಿ ಪ್ರತಿ ಕ್ಷಣವೂ ಉತ್ಪಾದನೆ ಮತ್ತು ಬಳಕೆ ಸಮವಾಗಿರಬೇಕು, ಆವರ್ತನ 50 ಹರ್ಟ್ಸ್ ಆಸುಪಾಸಿನಲ್ಲೇ ನಿಲ್ಲಬೇಕು. 2012ರ ಜುಲೈ 30 ಮತ್ತು 31ರಂದು ಇದು ತಪ್ಪಿ ಉತ್ತರ ಭಾರತದಿಂದ ಈಶಾನ್ಯದವರೆಗೆ ಅರವತ್ತು ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಮುಳುಗಿದರು. ದಕ್ಷಿಣದ ಗ್ರಿಡ್ ಆಗ ದೇಶದ ಉಳಿದ ಭಾಗದ ಜತೆ ಒಂದೇ ಲಯದಲ್ಲಿ ಬೆಸೆದಿರಲಿಲ್ಲವಾದ್ದರಿಂದ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಆ ಬೆಸುಗೆ ಹಾಕಿತು. ಅದಾದ ಮೇಲೆ ಪಾವಗಡದ ಮಧ್ಯಾಹ್ನದ ಬಿಸಿಲು ಪಂಜಾಬಿನಲ್ಲೂ ಫ್ಯಾನ್ ತಿರುಗಿಸಬಹುದು.

ಸ್ಮಾರ್ಟ್ ಗ್ರಿಡ್ ಎಂಬ ಮಾತು ನಮ್ಮ ಭಾಗದಲ್ಲಿ ನೆಲಕ್ಕಿಳಿದದ್ದು ಮೈಸೂರಿನಲ್ಲಿ. ದೇಶದಲ್ಲಿ ಆಯ್ಕೆಯಾದ ಪ್ರಾಯೋಗಿಕ ಯೋಜನೆಗಳಲ್ಲಿ ಒಂದು, ಹಾಸನ ಜಿಲ್ಲೆಗೂ ಕರೆಂಟು ಕೊಡುವ ಸೆಸ್ಕ್‌ಗೆ ಸಿಕ್ಕಿತು. ವಿ.ವಿ. ಮೊಹಲ್ಲಾ ವ್ಯಾಪ್ತಿಯ 21,824 ಗ್ರಾಹಕರು, 32.59 ಕೋಟಿ ರೂಪಾಯಿಯ ಅಂದಾಜು. ಮೀಟರ್ ತಾನೇ ರೀಡಿಂಗ್ ಕಳಿಸುವುದು, ಟ್ರಾನ್ಸ್‌ಫಾರ್ಮರ್ ಮೇಲೆ ಹೊರೆ ಹೆಚ್ಚಾದರೆ ಅದು ಸುಡುವ ಮೊದಲೇ ಕಚೇರಿಗೆ ತಿಳಿಯುವುದು, ಗ್ರಾಹಕ ಫೋನ್ ಮಾಡುವ ಮೊದಲೇ ಎಲ್ಲಿ ಕರೆಂಟು ಹೋಗಿದೆ ಎಂದು ಗೊತ್ತಾಗುವುದು ಅದರ ಗುರಿ. ನನಗೆ ಮುಖ್ಯವೆನಿಸಿದ್ದು ಆ ವ್ಯಾಪ್ತಿಯಲ್ಲಿ ನೀರಾವರಿ ಪಂಪ್‌ಸೆಟ್‌ಗಳೂ ಇದ್ದವು ಎಂಬುದು. ಯಾಕೆಂದರೆ ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಹೋಗುವುದು ಪಂಪ್‌ಸೆಟ್‌ಗಳಿಗೆ, ಅವುಗಳಲ್ಲಿ ಬಹುಪಾಲಿಗೆ ಮೀಟರೇ ಇಲ್ಲ. ಎಷ್ಟು ಬಳಕೆಯಾಯಿತೆಂದು ಅಂದಾಜಿನಲ್ಲಿ ಬರೆಯಲಾಗುತ್ತದೆ. ಮನೆಗಳ ತಂತಿಯನ್ನೂ ಪಂಪ್‌ಸೆಟ್ ತಂತಿಯನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಲೆಕ್ಕದ ಈ ಕತ್ತಲೆಯನ್ನು ಸ್ವಲ್ಪ ಕಡಿಮೆ ಮಾಡಿತು. ಈಚೆಗೆ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯವಾದಾಗ ಅದರ ಬೆಲೆಯ ಜಗಳ ಹೈಕೋರ್ಟ್ ಮೆಟ್ಟಿಲೇರಿತು. ಅಳೆಯುವುದು ಬೇಕು, ಅಳೆಯುವ ಖರ್ಚನ್ನು ಬಡ ಗ್ರಾಹಕನ ತಲೆಗೆ ಕಟ್ಟುವುದು ಬೇಡ.

ಕರ್ನಾಟಕಕ್ಕೆ ಪ್ರಕೃತಿ ಒಂದು ಅನುಕೂಲ ಮಾಡಿಕೊಟ್ಟಿದೆ. ಜನವರಿಯಿಂದ ಮೇವರೆಗೆ ಬಿಸಿಲು ಪ್ರಖರ. ಜೂನ್‌ನಿಂದ ಮೋಡ ಕವಿದು ಸೌರ ಉತ್ಪಾದನೆ ಇಳಿಯುವ ಹೊತ್ತಿಗೆ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಜೋರಾಗುತ್ತವೆ, ಜಲಾಶಯಗಳಿಗೆ ನೀರು ಬರುತ್ತದೆ, ಪಂಪ್‌ಸೆಟ್‌ಗಳು ನಿಲ್ಲುತ್ತವೆ. ದಿನದ ಲೆಕ್ಕದಲ್ಲೂ ಹಾಗೆಯೇ: ಮಧ್ಯಾಹ್ನ ಬಿಸಿಲನ್ನು ಬಳಸಿ, ಶರಾವತಿಯ ನೀರನ್ನು ಸಂಜೆಗೆ ಉಳಿಸಿಕೊಳ್ಳಬಹುದು. ಈ ಹೊಂದಾಣಿಕೆ ಮಳೆಯನ್ನು ನಂಬಿದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯಗಳು ತುಂಬದೆ, ಮಳೆಗಾಲದಲ್ಲೇ ಪಂಪ್‌ಸೆಟ್‌ಗಳು ಓಡತೊಡಗಿದವು. ಅಕ್ಟೋಬರ್ ಹೊತ್ತಿಗೆ ರೈತರು ಬೀದಿಗಿಳಿದರು, ಸರ್ಕಾರ ಉತ್ತರ ಪ್ರದೇಶ, ಪಂಜಾಬುಗಳಿಂದ ಕರೆಂಟನ್ನು ಕೈಗಡ ತಂದಿತು. ವಿದ್ಯುತ್ ಸಂಗ್ರಹಣೆ ಬೇಕೆಂಬ ಒತ್ತಾಯ ಅಲ್ಲಿಂದ ಬಲವಾಯಿತು. ಆದರೆ ಅದಕ್ಕಾಗಿ ಶರಾವತಿ ಕಣಿವೆಯ ಸಿಂಗಳೀಕಗಳ ಅಭಯಾರಣ್ಯದೊಳಗೆ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸುವ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸುರಂಗ ಕೊರೆಯುವುದನ್ನು ನಾನು ಒಪ್ಪಲಾರೆ. ಬ್ಯಾಟರಿಯ ಬೆಲೆ ವರ್ಷವರ್ಷ ಇಳಿಯುತ್ತಿರುವಾಗ ಆ ಕಾಡನ್ನು ಮುಟ್ಟುವ ತುರ್ತು ಇಲ್ಲ.

ಇನ್ನು ಬಿಕ್ಕೋಡಿಗೆ ಮರಳಿದರೆ, ಆ ಕಡೆ ಸೋಲಾರ್ ಎಂದರೆ ಮೊದಲು ನೆನಪಾಗುವುದು ಬೇಲಿ. ಒಂದು ಫಲಕ, ಪೆಟ್ಟಿಗೆಯಲ್ಲಿ ಬ್ಯಾಟರಿ, ಅದರ ಪಕ್ಕ ಟಿಕ್ ಟಿಕ್ ಎನ್ನುವ ಎನರ್ಜೈಸರ್. ಅದು ಸೆಕೆಂಡಿಗೊಮ್ಮೆ ತಂತಿಗೆ ಸಾವಿರಾರು ವೋಲ್ಟಿನ ಹೊಡೆತ ಕಳಿಸುತ್ತದೆ. ಹೊಡೆತ ಕ್ಷಣದ ಅತ್ಯಲ್ಪ ಭಾಗದಷ್ಟೇ ಇರುವುದರಿಂದ ಆನೆಗೆ ನೋವಾಗುತ್ತದೆ, ಪ್ರಾಣ ಹೋಗುವುದಿಲ್ಲ. ಕಂಬದ ಕರೆಂಟನ್ನು ನೇರ ಬೇಲಿಗೆ ಕೊಟ್ಟರೆ ಆನೆಯೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ. ಸೋಲಾರ್ ಬೇಲಿಗೆ ದಿನವೂ ಆರೈಕೆ ಬೇಕು. ಮಳೆಗಾಲದಲ್ಲಿ ಹುಲ್ಲು, ಬಳ್ಳಿ ತಂತಿಗೆ ತಾಗಿದರೆ ಶಕ್ತಿಯೆಲ್ಲ ಮಣ್ಣಿಗೆ ಸೋರಿಹೋಗುತ್ತದೆ. ಆನೆಗಳೂ ಸುಮ್ಮನಿರುವುದಿಲ್ಲ, ಕೊಂಬೆ ಮುರಿದು ತಂತಿಯ ಮೇಲೆ ಹಾಕುತ್ತವೆ, ಕರೆಂಟು ಹರಿಯದ ದಂತದಿಂದ ಎತ್ತಿ ಕೀಳುತ್ತವೆ. ಅದಕ್ಕೇ ಈಗ ತಂತಿಗಳನ್ನು ಮೇಲಿನಿಂದ ಇಳಿಬಿಡುವ ತೂಗುಬೇಲಿ ಬಂದಿದೆ. ಬೇಲಿ ಆನೆಯನ್ನು ಪಕ್ಕದ ತೋಟಕ್ಕೆ ದಾಟಿಸಬಹುದು, ರಾತ್ರಿ ಪಾಳಿಯ ಭಯವನ್ನು ತೆಗೆಯಲಾರದು.

ಆ ಭಯಕ್ಕೆ ಮದ್ದು ಹಗಲಿನ ತ್ರೀ ಫೇಸ್. ಪಾವಗಡದಲ್ಲಿ ಹಗಲು ಇಷ್ಟು ಕರೆಂಟು ಹುಟ್ಟುವಾಗ ಇಲ್ಲಿ ರಾತ್ರಿ ಪಾಳಿ ಯಾಕೆ ಎಂದು ಕೇಳುವುದು ಸಹಜ. ಆ ಕರೆಂಟು ಸುಮಾರು 200 ಕಿಲೋಮೀಟರ್ ಹಾದು, ಸಬ್‌ಸ್ಟೇಷನ್ನಿನಲ್ಲಿ ಇಳಿದು, 11 ಕಿಲೋವೋಲ್ಟಿನ ಹಳೆಯ ಫೀಡರಿನಲ್ಲಿ ಬರಬೇಕು. ಎಲ್ಲ ಫೀಡರಿಗೂ ಹಗಲೇ ಬಿಟ್ಟರೆ ಟ್ರಾನ್ಸ್‌ಫಾರ್ಮರ್ ಹೊರೆ ತಾಳುವುದಿಲ್ಲ, ಪಾಳಿ ಹುಟ್ಟಿದ್ದೇ ಅದರಿಂದ. 2019ರಲ್ಲಿ ಕೇಂದ್ರ ಸರ್ಕಾರ ತಂದ ಕುಸುಮ್ ಯೋಜನೆಯ ‘ಸಿ’ ವಿಭಾಗ ಈ ಗಂಟನ್ನು ಬಿಚ್ಚುವ ಪ್ರಯತ್ನ: ಸಬ್‌ಸ್ಟೇಷನ್ನಿನ ಹತ್ತಿರವೇ ಸಣ್ಣ ಸೌರಘಟಕ ಕಟ್ಟಿ, ಆ ಫೀಡರಿನ ಪಂಪ್‌ಸೆಟ್‌ಗಳಿಗೆ ಹಗಲೇ ಕರೆಂಟು ಕೊಡುವುದು. ವಿದ್ಯುತ್ ಮಾರ್ಗದಿಂದ 500 ಮೀಟರ್ ಆಚೆಗಿರುವ ಪಂಪಿಗೆ ‘ಬಿ’ ವಿಭಾಗವಿದೆ. ಅಲ್ಲಿ ರಾಜ್ಯದ ಪಾಲು ಶೇ 50, ಕೇಂದ್ರದ್ದು ಶೇ 30, ಉಳಿದದ್ದು ರೈತನದು.

ಕಾಫಿಗೆ ನೀರು ಬೇಕಾಗುವುದು ಬಿಸಿಲು ಅತಿ ಹೆಚ್ಚಿರುವ ತಿಂಗಳಲ್ಲಿ, ಬಿಸಿಲಿಲ್ಲದ ಆಷಾಢದಲ್ಲಿ ಪಂಪಿಗೆ ಕೆಲಸವಿಲ್ಲ. ಇಷ್ಟು ಚೆನ್ನಾಗಿ ಹೊಂದುವ ಬೆಳೆ ಬಯಲುಸೀಮೆಯಲ್ಲೂ ಅಪರೂಪ. ತೊಡಕಿರುವುದು ಜಾಗದಲ್ಲಿ. ಒಂದು ಮೆಗಾವಾಟಿಗೆ ನಾಲ್ಕೈದು ಎಕರೆ ಬೇಕು. ಇಲ್ಲಿ ಬಯಲೆಂದರೆ ಗದ್ದೆ, ಕೆರೆಯಂಗಳ, ಗೋಮಾಳ, ಉಳಿದದ್ದು ನೆರಳುಮರದ ತೋಟ. ಫಲಕಕ್ಕಾಗಿ ನೆರಳುಮರ ಕಡಿಯುವಂತಿಲ್ಲ, ಗೋಮಾಳ ಕೊಟ್ಟರೆ ದನ ಮೇಯಿಸುವವರು ಪಾವಗಡದ ಕುರಿಯವರಂತೆ ಬೀದಿಗೆ ಬೀಳುತ್ತಾರೆ. ಕೆಲಸ ನಿಂತ ಕಲ್ಲುಕ್ವಾರಿ, ಪಾಳುಬಿದ್ದ ಗದ್ದೆ, ಸರ್ಕಾರಿ ಕಟ್ಟಡಗಳ ಚಾವಣಿ, ತೋಟದ ಗೋದಾಮುಗಳ ಮಾಡು ಇವನ್ನು ಮೊದಲು ಎಣಿಸಬೇಕು. ಬೇಲೂರು ತಾಲ್ಲೂಕಿನ ಯಾವ ಸಬ್‌ಸ್ಟೇಷನ್ನಿನ ಸುತ್ತ ಅಂಥ ಜಾಗ ಎಷ್ಟಿದೆ, ಆನೆ ಓಡಾಡುವ ಹಳ್ಳಿಗಳ ಫೀಡರುಗಳು ಯಾವುವು ಎಂಬ ಪಟ್ಟಿ ಹೋಬಳಿವಾರು ತಯಾರಾಗಿ ಗ್ರಾಮಸಭೆಗಳ ಮುಂದೆ ಬರಬೇಕು. ಆನೆ ಇರುವ ಫೀಡರಿಗೆ ಮೊದಲ ಸರದಿ ಕೊಡಬೇಕು, ಅದೂ ಬರುವ ಹೂಮಳೆಯ ಕಾಲಕ್ಕೆ ಮುಂಚೆ.