ಬಿಪಿ, ಶುಗರ್ ಮತ್ತು ಗಡಿಸೀಮೆಯ ದವಾಖಾನೆ

ಸಕ್ಕರೆ ಕಾಯಿಲೆಯವರ ರಕ್ತದೊತ್ತಡಕ್ಕೆ ಹೆಚ್ಚು ಬಿಗಿಯಾದ ಹತೋಟಿ ಬೇಕೆಂಬ ತಿಳಿವಳಿಕೆ ತಡವಾಗಿ ಬಂದದ್ದು. 1921ರಲ್ಲಿ ಇನ್ಸುಲಿನ್ ಸಿಕ್ಕ ಮೇಲೂ ದಶಕಗಟ್ಟಲೆ ವೈದ್ಯರ ಗಮನವೆಲ್ಲ ಸಕ್ಕರೆ ಇಳಿಸುವುದರ ಮೇಲೆಯೇ ಇತ್ತು. ಒತ್ತಡಕ್ಕೆ ನೆಚ್ಚಬಹುದಾದ ಔಷಧಿಯೂ ಆಗ ಇರಲಿಲ್ಲ. ಮುಂಬೈನ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಸರ್ಪಗಂಧದ ಬೇರಿನ ಒತ್ತಡ ಇಳಿಸುವ ಗುಣವನ್ನು ವರದಿ ಮಾಡಿದ ಮೇಲೆ ಭಾರತದ ಈ ಹಳೆಯ ಮೂಲಿಕೆ ಹೊರದೇಶಗಳ ಆಸ್ಪತ್ರೆಗಳನ್ನೂ ತಲುಪಿತು. ಆ ದಶಕ ಕಳೆದು 1950ರ ದಶಕದ ಕೊನೆಗೆ ಬಂದ ಥಯಾಜೈಡ್ ಗುಳಿಗೆ ಒತ್ತಡ ತಗ್ಗಿಸುತ್ತಿತ್ತು, ಪ್ರಮಾಣ ಹೆಚ್ಚಾದರೆ ಸಕ್ಕರೆ ಏರಿಸುತ್ತಿತ್ತು. ಅದರ ಹಿಂದೆಯೇ ಬಂದ ಬೀಟಾ ಬ್ಲಾಕರ್‌ಗಳು ಸಕ್ಕರೆ ಕುಸಿದಾಗಿನ ಎದೆಬಡಿತ, ನಡುಕವನ್ನು ಮರೆಮಾಚುತ್ತಿದ್ದವು. ಎರಡೂ ರೋಗ ಇದ್ದವರಿಗೆ ಔಷಧಿ ಬರೆಯುವುದೇ ಇಕ್ಕಟ್ಟಿನ ಕೆಲಸವಾಗಿತ್ತು.

ಇನ್ನು ನಮ್ಮ ಗಡಿಸೀಮೆಯ ಮಾತು: ಖಜೂರಿ ಎಂಬ ಊರಿರುವ, ಕಲಬುರಗಿ ಜಿಲ್ಲೆಯ ಆಳಂದ ಸೀಮೆ ಹಿಂದೆ ಹೈದರಾಬಾದ್ ಸಂಸ್ಥಾನದ ಅಂಚಾಗಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾಗಿ, ಈ ಭಾಗಕ್ಕೆ ಜಿಲ್ಲಾ ಕೇಂದ್ರದಲ್ಲೇ ವೈದ್ಯಕೀಯ ಶಿಕ್ಷಣ ದಕ್ಕಿತು.

ಔಷಧಿಯ ಆ ಇಕ್ಕಟ್ಟಿಗೆ ತಿರುವು ತಂದದ್ದು ಹಾವಿನ ವಿಷ. ಬ್ರೆಜಿಲ್‌ನ ಒಂದು ಮಂಡಲ ಜಾತಿಯ ಹಾವಿನ ವಿಷದ ಅಧ್ಯಯನದಿಂದ ಕ್ಯಾಪ್ಟೊಪ್ರಿಲ್ ರೂಪುಗೊಂಡು 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇನ್ಸುಲಿನ್ ಅವಲಂಬಿತ ರೋಗಿಗಳ ಮೂತ್ರಪಿಂಡ ಹಾಳಾಗುವುದನ್ನು ಅದು ನಿಧಾನಗೊಳಿಸುತ್ತದೆ ಎಂಬುದು 1993ರಲ್ಲಿ ಸಾಬೀತಾಯಿತು. ಇದೇ ಬಳಗದ ಎನಾಲಪ್ರಿಲ್, ಇವುಗಳಂತೆ ಒಣಕೆಮ್ಮು ತಾರದ ಬೇರೆ ಬಳಗದ ಲೊಸಾರ್ಟಾನ್, ಟೆಲ್ಮಿಸಾರ್ಟಾನ್‌ಗಳು ಈಗ ಔಷಧಿ ಅಂಗಡಿಗಳಲ್ಲಿ ಸಾಮಾನ್ಯ.

ಆದರೆ ಗುಳಿಗೆಗಿಂತ ದೊಡ್ಡ ಪಾಠ 1998ರ ಬ್ರಿಟಿಷ್ ಅಧ್ಯಯನದ್ದು. ಬಿಪಿಯೂ ಇದ್ದ 1,148 ಸಕ್ಕರೆ ರೋಗಿಗಳಲ್ಲಿ ಬಿಗಿ ಹತೋಟಿಯ ಗುಂಪಿನ ಸರಾಸರಿ 144/82, ಉಳಿದವರದು 154/87. ಇಷ್ಟೇ ಅಂತರಕ್ಕೆ ಪಾರ್ಶ್ವವಾಯು ಶೇ. 44, ಸಕ್ಕರೆ ಕಾಯಿಲೆ ಸಂಬಂಧಿತ ಸಾವು ಶೇ. 32 ತಗ್ಗಿದವು. ಕ್ಯಾಪ್ಟೊಪ್ರಿಲ್, ಅಟೆನೊಲಾಲ್ ಎರಡೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಯಾವ ಗುಳಿಗೆ ಎಂಬುದಕ್ಕಿಂತ ಒತ್ತಡ ಎಷ್ಟು ಇಳಿಯಿತು ಎಂಬುದೇ ಮುಖ್ಯವಾಯಿತು. ಇಷ್ಟಾದರೂ ‘ಶುಗರ್ ಎಷ್ಟದ?’ ಎಂದು ಕೇಳುವ ಮಂದಿ ಬಿಪಿ ಕೇಳುವುದು ಕಡಿಮೆ.

ಗುರಿ ಎಷ್ಟಿರಬೇಕೆಂಬ ವಾದ ಮಾತ್ರ ಮುಗಿದಿಲ್ಲ. ಮೇಲಿನ ಅಂಕಿಯನ್ನು 120ರ ಕೆಳಗೆ ಇಳಿಸಿದರೂ ಒಟ್ಟಾರೆ ಹೃದಯಾಘಾತ, ಸಾವುಗಳಲ್ಲಿ ಸ್ಪಷ್ಟ ಲಾಭವಿಲ್ಲ ಎಂದು 2010ರ ಅಮೆರಿಕದ ಅಧ್ಯಯನ ಹೇಳಿತು. 2024ರ ಚೀನಾ ಅಧ್ಯಯನ ಲಾಭವಿದೆ ಎಂದಿತು. ಸದ್ಯ ಬಹುತೇಕ ವೈದ್ಯರು ಹಿಡಿದಿರುವುದು 130/80. ಎದ್ದು ನಿಂತರೆ ತಲೆ ತಿರುಗುವ ವಯಸ್ಸಾದವರಿಗೆ ಸ್ವಲ್ಪ ಸಡಿಲಿಕೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರ ಸಕ್ಕರೆ, ಬಿಪಿ ಎರಡನ್ನೂ ತಪಾಸಣೆ ಮಾಡುವ ಕ್ರಮ ಬಂದಿದೆ.