ಮಲಾಡ್‌ನಲ್ಲಿ ಉದ್ಯೋಗಿ ಸ್ವಾಸ್ಥ್ಯದ ಚರಿತ್ರೆ

ದುಡಿಯುವವರ ದೇಹಾರೋಗ್ಯ, ಮನಃಸ್ಥಿತಿ ಮತ್ತು ವಿಶ್ರಾಂತಿಯ ಹೊಣೆಯನ್ನು ಉದ್ಯೋಗದಾತರೂ ಹೊರುವ ವ್ಯವಸ್ಥೆಗೆ ಉದ್ಯೋಗಿ ಸ್ವಾಸ್ಥ್ಯವೆಂದು ಹೆಸರು. ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ ಗೋರೆಗಾಂವ್ ಮತ್ತು ಕಾಂದಿವಲಿಗಳ ನಡುವೆ ಇರುವ ಮಲಾಡ್ ಉಪನಗರದಲ್ಲಿ ಇದು ಸಿನಿಮಾ ಸ್ಟುಡಿಯೊದಿಂದ ಕಾಲ್ ಸೆಂಟರ್‌ವರೆಗೆ ಹಲವು ರೂಪಗಳನ್ನು ತಾಳಿದ್ದರೂ, ಇದರ ಬೇರು ನಗರದ ಹತ್ತಿ ಗಿರಣಿಗಳಲ್ಲಿದೆ. 1884ರಲ್ಲಿ ಗಿರಣಿ ಕಾರ್ಮಿಕರ ಸಂಘವನ್ನು ಕಟ್ಟಿದ ನಾರಾಯಣ ಮೇಘಾಜಿ ಲೋಖಂಡೆಯವರ ಸತತ ಹೋರಾಟದ ಫಲವಾಗಿ 1890ರಲ್ಲಿ ಮಾಲೀಕರು ಭಾನುವಾರದ ರಜೆಯನ್ನು ಒಪ್ಪಿಕೊಂಡರು. ವಾರಕ್ಕೊಂದು ದಿನದ ಆ ಬಿಡುವೇ ಮುಂದಿನ ಎಲ್ಲ ಬೇಡಿಕೆಗಳಿಗೆ ತಳಹದಿಯಾಯಿತು.

ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ 1934ರಲ್ಲಿ ಮಲಾಡ್‌ನಲ್ಲಿ ಸ್ಥಾಪಿಸಿದ ಸಿನಿಮಾ ಸ್ಟುಡಿಯೊ ಬಾಂಬೆ ಟಾಕೀಸ್‌ನ ಕ್ಯಾಂಟೀನಿನಲ್ಲಿ ಎಲ್ಲ ಜಾತಿಯ ನೌಕರರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರೆಂದು ಹೇಳಲಾಗುತ್ತದೆ. ಅದೇ ಕಾಲದ ಮುಂಬಯಿಯಲ್ಲಿ ಕರಾವಳಿ ಕರ್ನಾಟಕದಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾದರೋ ಆಸರೆಯಾದದ್ದು ಮಾಲೀಕರಿಗಿಂತ ಹೆಚ್ಚಾಗಿ ಸಮುದಾಯದ ಸಂಘಗಳು ಮತ್ತು ಅವು ನಡೆಸಿದ ಕನ್ನಡ ರಾತ್ರಿಶಾಲೆಗಳು. ಹಗಲೆಲ್ಲ ತಟ್ಟೆ ಲೋಟ ಎತ್ತಿದವರು ಸಂಜೆ ಪುಸ್ತಕ ಹಿಡಿಯಲು ಸಾಧ್ಯವಾದದ್ದು ಅವುಗಳಿಂದಲೇ.

ಸ್ವಾತಂತ್ರ್ಯಾನಂತರ ಔದಾರ್ಯದ ಸ್ಥಾನವನ್ನು ಕಾನೂನು ವಹಿಸಿಕೊಂಡಿತು. 1948ರ ಕಾರ್ಖಾನೆ ಕಾಯ್ದೆಯು ವಾರದ ದುಡಿಮೆಯನ್ನು 48 ಗಂಟೆಗಳಿಗೆ ಮಿತಿಗೊಳಿಸಿ, 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನನ್ನೂ 500 ಅಥವಾ ಅದಕ್ಕೂ ಹೆಚ್ಚು ಜನರಿರುವಲ್ಲಿ ಕಲ್ಯಾಣಾಧಿಕಾರಿಯನ್ನೂ ಕಡ್ಡಾಯಗೊಳಿಸಿತು. ಅದೇ ವರ್ಷದ ಶಾಸನದಿಂದ ರೂಪುಗೊಂಡ ನೌಕರರ ರಾಜ್ಯ ವಿಮೆ, ಅಂದರೆ ಮಾಲೀಕರೂ ನೌಕರರೂ ಕಟ್ಟುವ ವಂತಿಗೆಯಿಂದ ನೌಕರರಿಗೆ ಚಿಕಿತ್ಸೆ ಮತ್ತು ಕಾಯಿಲೆ ಭತ್ಯೆ ಒದಗಿಸುವ ಇಎಸ್‌ಐ ಯೋಜನೆ, ನೆರೆಯ ಕಾಂದಿವಲಿಯ ಆಸ್ಪತ್ರೆಯ ಮೂಲಕ ಈ ಭಾಗದ ಕಾರ್ಮಿಕ ಕುಟುಂಬಗಳನ್ನು ತಲುಪಿತು.

2000ದ ನಂತರ ಮಲಾಡ್ ಪಶ್ಚಿಮದ ಮೈಂಡ್‌ಸ್ಪೇಸ್ ಸಂಕೀರ್ಣದಲ್ಲಿ ಕಾಲ್ ಸೆಂಟರ್‌ಗಳು ನೆಲೆಯೂರಿದಾಗ ಸಮಸ್ಯೆಯ ಸ್ವರೂಪವೇ ಬದಲಾಯಿತು. ಅಮೆರಿಕದ ಹಗಲಿಗೆ ಹೊಂದಿಕೊಂಡು ಇಲ್ಲಿಯ ರಾತ್ರಿಯಿಡೀ ಹೆಡ್‌ಫೋನ್ ಧರಿಸಿ ಅಪರಿಚಿತ ಗ್ರಾಹಕರ ಸಿಟ್ಟನ್ನು ಸಮಾಧಾನದಿಂದ ಕೇಳಬೇಕಾದ ಯುವಜನರಿಗೆ ನಿದ್ರಾಭಂಗ, ಹೊತ್ತುಗೊತ್ತಿಲ್ಲದ ಊಟ, ಬೆನ್ನುನೋವು ಮತ್ತು ಒಂಟಿತನ ಎದುರಾದವು. ಈ ಪ್ರದೇಶವು ಚಿಂಚೋಳಿ ಬಂದರಿನ ಹಳೆಯ ಕಸದ ನೆಲಕ್ಕೆ ಸೇರಿದ್ದರಿಂದ, ನೆಲದಿಂದ ಹೊಮ್ಮುವ ಅನಿಲಗಳು ಕಂಪ್ಯೂಟರಿನ ಬಿಡಿಭಾಗಗಳನ್ನು ಕೆಡಿಸುತ್ತಿವೆ, ನೌಕರರಿಗೆ ತಲೆನೋವು ತರುತ್ತಿವೆ ಎಂಬ ದೂರುಗಳೂ ಕೇಳಿಬಂದವು. ಉಸಿರಾಡುವ ಗಾಳಿಯೇ ಶಂಕಾಸ್ಪದವಾಗಿರುವಲ್ಲಿ ಯೋಗ ತರಗತಿಯನ್ನು ಸ್ವಾಸ್ಥ್ಯವೆಂದು ಕರೆಯುವುದು ನ್ಯಾಯವಲ್ಲ.

2005ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟ ಮಹಿಳಾ ಉದ್ಯೋಗಿಯ ಕೊಲೆ ನಡೆದ ಬಳಿಕ ಕಂಪನಿ ವಾಹನಗಳ ಸುರಕ್ಷತೆ ದೇಶದೆಲ್ಲೆಡೆ ಚರ್ಚೆಗೆ ಬಂದಿತು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯು ರಾತ್ರಿ 9.30ರ ನಂತರ ಮಹಿಳೆಯರು ದುಡಿಯಬೇಕಾದರೆ ಅವರ ಸಮ್ಮತಿ, ರಕ್ಷಣೆ ಮತ್ತು ಸಾರಿಗೆ ಅಗತ್ಯವೆಂದು ವಿಧಿಸಿತು. ಅದೇ ವರ್ಷದ ಹೆರಿಗೆ ಸೌಲಭ್ಯ ತಿದ್ದುಪಡಿಯು ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿ, 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಆಪ್ತಸಮಾಲೋಚನೆ, ಆರೋಗ್ಯ ತಪಾಸಣೆಗಳಂತಹ ಹೊಸ ಸವಲತ್ತುಗಳು ಮಾತ್ರ ಬಹುಪಾಲು ಕಾಯಂ ನೌಕರರಿಗೆ ಮೀಸಲಾಗಿದ್ದು, ಅದೇ ಕಟ್ಟಡವನ್ನು ಗುಡಿಸುವ ಮತ್ತು ಕಾಯುವ ಗುತ್ತಿಗೆ ಕಾರ್ಮಿಕರಿಗೆ ಅವು ಸಿಗುವುದು ಅಪರೂಪ.