ಮಿಲಿಷಿಯಾ ಸಿಪಾಯಿಯ ಜಾಡು

1793ರ ಕಾಯಿದೆಯಂತೆ ಐರ್ಲೆಂಡಿನಲ್ಲಿ 38 ಮಿಲಿಷಿಯಾ (ದೇಶದೊಳಗಿನ ಕಾವಲು ಪಡೆ) ರೆಜಿಮೆಂಟುಗಳನ್ನು ಕಟ್ಟಲಾಯಿತು. ಅಧಿಕಾರಿಗಳಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಸಿಪಾಯಿಗಳಲ್ಲಿ ಬಹುಪಾಲು ಬಡ ಕ್ಯಾಥೊಲಿಕರು.

ರೆಜಿಮೆಂಟಿಗೆ ಕೌಂಟಿಯ ಹೆಸರಿದ್ದರೂ ಕಾವಲು ಪರಊರಿನಲ್ಲಿ. 1798ರ ಮೇ 27ರಂದು ಉತ್ತರ ಕಾರ್ಕ್ ಮಿಲಿಷಿಯಾದ ತುಕಡಿಯೊಂದು ಬಂಡುಕೋರರ ಕೈಯಲ್ಲಿ ನಾಶವಾದದ್ದು ವೆಕ್ಸ್‌ಫರ್ಡ್ ಕೌಂಟಿಯ ಔಲರ್ಟ್ ಗುಡ್ಡದಲ್ಲಿ. ಸಿಪಾಯಿಗಳ ಹೆಂಡತಿ ಮಕ್ಕಳೂ ಎಷ್ಟೋ ಸಲ ದಂಡಿನ ಹಿಂದೆಯೇ ಸಾಗುತ್ತಿದ್ದರು. ಹಾಗಾಗಿ ಒಂದೇ ಮನೆಯ ಮಕ್ಕಳ ಜ್ಞಾನಸ್ನಾನದ ದಾಖಲೆ ಬೇರೆ ಬೇರೆ ಊರಿನ ಚರ್ಚುಗಳಲ್ಲಿರಬಹುದು.

1922ರಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟಾಗ 1821ರಿಂದ 1851ರವರೆಗಿನ ಜನಗಣತಿ ಹೆಚ್ಚುಕಡಿಮೆ ಪೂರ್ತಿ ಬೂದಿಯಾಯಿತು. ಆದರೆ ಮಿಲಿಷಿಯಾದ ಹಾಜರಿ ಮತ್ತು ಸಂಬಳದ ಪುಸ್ತಕಗಳು ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿ, ಡಬ್ಲ್ಯು.ಒ. 13 ಸರಣಿಯಲ್ಲಿ ಉಳಿದಿವೆ. ನೀವು ಹುಡುಕುತ್ತಿರುವ ಪೂರ್ವಜ ಪಿಂಚಣಿ ಪಡೆದವನಾಗಿದ್ದರೆ ಅವನ ಬಿಡುಗಡೆ ಪತ್ರದಲ್ಲಿ ಹುಟ್ಟಿದ ಊರು, ವಯಸ್ಸು, ಕಸುಬು ಸಿಗುವ ಸಾಧ್ಯತೆಯಿದೆ.